ಮ್ಯೂರೆನ್‌ನಲ್ಲಿ ಎರಡು ರಾತ್ರಿ: ಊರಿನ ಹಿನ್ನೆಲೆ, ಹೋಗುವ ದಾರಿ, ನೋಡುವಂಥದ್ದು ತಿಳಿಸಿ

ಹಾದಿಹೋಕ

ಜೂನ್ ಮೂರನೇ ವಾರ ಅಪ್ಪ ಅಮ್ಮನ ಜೊತೆ ಸ್ವಿಟ್ಜರ್‌ಲ್ಯಾಂಡ್ ಪ್ರವಾಸ. ಇಂಟರ್‌ಲಾಕೆನ್‌ನಲ್ಲಿ ರೂಮು ಮಾಡಿ ದಿನಕ್ಕೊಂದು ಬೆಟ್ಟ ಹತ್ತಿ ಇಳಿಯುವ ಬದಲು, ಮೇಲೆಯೇ ಯಾವುದಾದರೂ ಹಳ್ಳಿಯಲ್ಲಿ ಎರಡು ರಾತ್ರಿ ಇರೋಣ ಅಂತ ಮ್ಯೂರೆನ್ ಆರಿಸಿದ್ದೇವೆ. ಗೊತ್ತಿರುವವರು ದಯವಿಟ್ಟು ಹೇಳಿ:

ಊರಿಗೆ ಏನು ಚರಿತ್ರೆ? ಅಂತರಜಾಲದಲ್ಲಿ ಹುಡುಕಿದರೆ ಜೇಮ್ಸ್ ಬಾಂಡ್ ಬಿಟ್ಟು ಬೇರೇನೂ ಸಿಗುತ್ತಿಲ್ಲ. ಮೂರು ದೊಡ್ಡ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋಗುವುದು ಹೇಗೆ? ಯುಂಗ್‌ಫ್ರೌಯೋಖ್, ಶಿಲ್ಟ್‌ಹಾರ್ನ್ ಎಂಬ ಎರಡು ಬೆಟ್ಟದ ತಾಣಗಳಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕುವುದಾದರೆ ಯಾವುದು? ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಬಿಪಿ. ಮನೆಯವರೆಲ್ಲ ಶುದ್ಧ ಸಸ್ಯಾಹಾರಿಗಳು. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬುಕ್ ಮಾಡಿದ್ದೇವೆ.

ಹಳೇಕಡತ

ಬಾಂಡ್ ಆ ಊರಿಗೆ ಬಂದದ್ದು ಬಹಳ ತಡವಾಗಿ. ಮೊದಲು ಊರು ಎಲ್ಲಿ ಕೂತಿದೆ ಅನ್ನುವುದು ಮನಸ್ಸಿಗೆ ಬರಬೇಕು, ಉಳಿದ ಕಥೆಯೆಲ್ಲ ಅದರಿಂದಲೇ ಹುಟ್ಟಿದ್ದು. ಬರ್ನ್ ಪ್ರಾಂತ್ಯದ ಲೌಟರ್‌ಬ್ರುನೆನ್ ಕಣಿವೆಯನ್ನು ಹಿಮನದಿ ಕೊರೆದಿದೆ. ತಳ ಸಮತಟ್ಟು, ಎರಡು ಪಕ್ಕವೂ ನೆಟ್ಟನೆಯ ಬಂಡೆ. ಪಶ್ಚಿಮದ ಬಂಡೆಯ ನೆತ್ತಿಯಲ್ಲಿ, ಸುಮಾರು 1640 ಮೀಟರ್ ಎತ್ತರದಲ್ಲಿ, ಮನೆಮುಂದಿನ ಜಗಲಿಯಂತೆ ಚಾಚಿಕೊಂಡ ಹುಲ್ಲುಗಾವಲೇ ಮ್ಯೂರೆನ್. ಎದುರಿಗೆ ಐಗರ್ (3967 ಮೀ.), ಮೋಂಖ್, ಯುಂಗ್‌ಫ್ರೌ (4158 ಮೀ.). ಕೆಳಗೆ ಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಕಣಿವೆಯ ತಳ. ಇವತ್ತಿಗೂ ಹೊರಗಿನಿಂದ ಊರಿಗೆ ಸಾರ್ವಜನಿಕ ಮೋಟಾರು ರಸ್ತೆ ಇಲ್ಲ.

ಇಂಥ ಜಾಗದಲ್ಲಿ ಮೊದಲು ನೆಲೆಸಿದವರು ಕೆಳಗಿನ ಕಣಿವೆಯಿಂದ ಹತ್ತಿ ಬಂದವರಲ್ಲ, ಪರ್ವತದ ಆಚೆ ಬದಿಯಿಂದ ಹಿಮ ದಾಟಿ ಬಂದವರು. ಮಧ್ಯಯುಗದಲ್ಲಿ ವಾಲೆ ಪ್ರಾಂತ್ಯದಿಂದ ಹೊರಟು ಆಲ್ಪ್ಸ್‌ನ ಎತ್ತರದ ಹುಲ್ಲುಗಾವಲುಗಳಲ್ಲಿ ನೆಲೆಯೂರಿದ ಜರ್ಮನ್ ಮಾತಿನ ರೈತರನ್ನು ವಾಲ್ಸರ್ ಎನ್ನುತ್ತಾರೆ. ಮ್ಯೂರೆನ್, ಗಿಮ್ಮೆಲ್‌ವಾಲ್ಡ್ ಕಡೆ ಬಂದವರು ಲೋಚೆನ್‌ಟಾಲ್ ಕಣಿವೆಯವರು, ಹಾಗಾಗಿ ಹಳೆಯ ದಾಖಲೆಗಳಲ್ಲಿ ಅವರ ಹೆಸರೇ ‘ಲೋಚರ್’. 1346ರಲ್ಲಿ ಪೀಟರ್ ಫೊಮ್ ಟೂರ್ನ್ ಎಂಬ ಜಹಗೀರುದಾರ ಗಿಮ್ಮೆಲ್‌ವಾಲ್ಡ್, ಮ್ಯೂರೆನ್, ಲೌಟರ್‌ಬ್ರುನೆನ್‌ಗಳ ಲೋಚರ್ ಒಕ್ಕಲುಗಳನ್ನು ಇಂಟರ್‌ಲಾಕೆನ್‌ನ ಅಗಸ್ಟೀನ್ ಪಂಥದ ಮಠಕ್ಕೆ ಮಾರಿದ ಪತ್ರವಿದೆ. ಭೂಮಿಯ ಜೊತೆಗೆ ಉಳುವವರೂ ಕೈಬದಲಾಗುತ್ತಿದ್ದ ಕಾಲ ಅದು. ಮೂರೇ ವರ್ಷಕ್ಕೆ, 1349ರಲ್ಲಿ, ಈ ಭಾಗದ ಜನ ಮಠದ ವಿರುದ್ಧ ತಿರುಗಿಬಿದ್ದರು. ಬರ್ನ್ ನಗರ ಸೈನ್ಯ ಕಳಿಸಿ ಅಡಗಿಸಿತು. 1528ರಲ್ಲಿ ಅದೇ ಬರ್ನ್ ಸುಧಾರಣಾ (ಪ್ರಾಟೆಸ್ಟೆಂಟ್) ಪಂಥಕ್ಕೆ ಸೇರಿ ಮಠವನ್ನೇ ಮುಚ್ಚಿದಾಗ, ಬೆಟ್ಟದ ಜನ ಈ ಸಲ ಹಳೆಯ ಧರ್ಮವೇ ಇರಲಿ ಎಂದು ದಂಗೆ ಎದ್ದರು. ಅದನ್ನೂ ಬರ್ನ್ ಹತ್ತಿಕ್ಕಿತು. ಯಜಮಾನ ಯಾರೇ ಆಗಲಿ, ಕಂದಾಯ ಕಟ್ಟುವವರು ಮಾತ್ರ ಅವರೇ.

ಮೂಲದ ಲೋಚೆನ್‌ಟಾಲ್ ಹೆಸರು ಈಚೆಗೆ ಸುದ್ದಿಯಲ್ಲಿ ಕೇಳಿರುತ್ತೀರಿ. 2025ರ ಮೇ 28ರಂದು ಬಿರ್ಖ್ ಹಿಮನದಿ ಕುಸಿದು ಬ್ಲಾಟೆನ್ ಎಂಬ ಊರು ಮುಚ್ಚಿಹೋಯಿತಲ್ಲ, ಅದು ಇದೇ ಕಣಿವೆ. ಊರವರನ್ನು ಮೊದಲೇ ತೆರವು ಮಾಡಿಸಿದ್ದರಿಂದ ಬಹುತೇಕ ಎಲ್ಲರೂ ಉಳಿದರು.

ಹಳಿಮೇಲೆ

ಮೇಲಿನವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ, ಏಕೆಂದರೆ ಈಗಿನ ಮ್ಯೂರೆನ್ ರೈಲಿನ ಮಗು.

1891ರ ಆಗಸ್ಟ್ 14ಕ್ಕೆ ಲೌಟರ್‌ಬ್ರುನೆನ್–ಮ್ಯೂರೆನ್ ಮಾರ್ಗ ಶುರುವಾಯಿತು. ಅದಕ್ಕೆ ಮುಂಚೆ ಬರುತ್ತಿದ್ದವರು ನಡೆದೋ, ಕುದುರೆ ಮೇಲೋ ಹತ್ತಬೇಕಿತ್ತು. ಮಾರ್ಗಕ್ಕೆ ಎರಡು ತುಂಡು. ಮೊದಲನೆಯದು ಲೌಟರ್‌ಬ್ರುನೆನ್‌ನಿಂದ (ಸುಮಾರು 800 ಮೀ.) ಗ್ರೂಚ್‌ಆಲ್ಪ್‌ವರೆಗೆ (1486 ಮೀ.), ಹಗ್ಗದಲ್ಲಿ ಎಳೆಯುವ ರೈಲು. ಎರಡನೆಯದು ಅಲ್ಲಿಂದ ಬಂಡೆಯ ಅಂಚಿಗೇ ಸಾಗುವ ಮೀಟರ್ ಗೇಜ್ ರೈಲು, ನಾಲ್ಕೂಕಾಲು ಕಿಲೋಮೀಟರ್.

ಹಗ್ಗದ ರೈಲು ಓಡುತ್ತಿದ್ದುದು ನೀರಿನ ತೂಕದಿಂದ. ಒಂದೇ ಹಗ್ಗದ ಎರಡು ತುದಿಗೆ ಎರಡು ಬಂಡಿ. ಮೇಲೆ ನಿಂತ ಬಂಡಿಯ ಕೆಳಗಿನ ತೊಟ್ಟಿಗೆ ನೀರು ತುಂಬುತ್ತಾರೆ, ಅದು ಭಾರಕ್ಕೆ ಇಳಿಯುತ್ತಾ ಕೆಳಗಿನ ಬಂಡಿಯನ್ನು ಮೇಲಕ್ಕೆ ಎಳೆಯುತ್ತದೆ, ತಳ ಮುಟ್ಟಿದ ಮೇಲೆ ನೀರು ಬಿಟ್ಟು ಖಾಲಿ ಮಾಡುತ್ತಾರೆ. 1902ರಲ್ಲಿ ವಿದ್ಯುತ್ ಮೋಟಾರು ಬಂತು. ಮೇಲಿನ ಮೀಟರ್ ಗೇಜ್ ತುಂಡು ಮಾತ್ರ ಮೊದಲ ದಿನದಿಂದಲೇ ವಿದ್ಯುತ್ತಿನಲ್ಲಿ ಓಡಿದ್ದು. 1891ಕ್ಕೆ ಅದು ಸಣ್ಣ ಮಾತಲ್ಲ. ಹಗ್ಗದ ರೈಲಿನ ಹಳಿ ಹಾಸಿದ್ದ ಗುಡ್ಡವೇ ನಿಧಾನಕ್ಕೆ ಜರುಗುತ್ತಿತ್ತು. ಎಷ್ಟು ಸಲ ಸರಿಮಾಡಿದರೂ ಮತ್ತೆ ಹಳಿ ತಪ್ಪುವ ಲೆಕ್ಕ. ಕೊನೆಗೆ 2006ರಲ್ಲಿ ಅದನ್ನು ನಿಲ್ಲಿಸಿ, ನೆಲ ಮುಟ್ಟದ ಕೇಬಲ್ ಕಾರ್ ಹಾಕಿದರು. ಹತ್ತುವಾಗ ಡಬ್ಬಿಯ ತಳ ನೋಡಿ, ಸಾಮಾನು ತೂಗುಹಾಕುವ ವ್ಯವಸ್ಥೆ ಇದೆ. ಊರಿಗೆ ಬೇಕಾದ ದಿನಸಿ, ಹೊರಗೆ ಹೋಗುವ ಕಸ, ನಿಮ್ಮ ಪೆಟ್ಟಿಗೆ ಎಲ್ಲ ಹೀಗೆಯೇ ಹಗ್ಗದ ಮೇಲೆ ಹೋಗಿ ಬರಬೇಕು. ಊರಲ್ಲಿ ಬೆಲೆ ಯಾಕೆ ಜಾಸ್ತಿ ಎನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ.

ಈಗ ನಿಮ್ಮ ದಾರಿ. ಇಂಟರ್‌ಲಾಕೆನ್ ಓಸ್ಟ್‌ನಿಂದ ಲೌಟರ್‌ಬ್ರುನೆನ್‌ಗೆ ರೈಲಿನಲ್ಲಿ ಸುಮಾರು 20 ನಿಮಿಷ. ಇಲ್ಲೇ ಎಲ್ಲರೂ ಎಡವುವುದು: ರೈಲು ತ್ಸ್ವೈಲೂಚಿನೆನ್ ನಿಲ್ದಾಣದಲ್ಲಿ ಎರಡು ಭಾಗವಾಗುತ್ತದೆ. ಒಂದು ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಪ್ಲಾಟ್‌ಫಾರ್ಮ್ ಒಂದೇ, ಹೊರಡುವ ಹೊತ್ತೂ ಒಂದೇ, ಹಾಗಾಗಿ ಕೋಚಿನ ಮೇಲಿನ ಫಲಕ ಓದದೆ ಹತ್ತಬೇಡಿ. ಪೆಟ್ಟಿಗೆ ಒಂದು ಕೋಚಿನಲ್ಲಿ ಇಟ್ಟು ಜನ ಇನ್ನೊಂದರಲ್ಲಿ ಕೂರುವುದಂತೂ ಬೇಡವೇ ಬೇಡ.

ಲೌಟರ್‌ಬ್ರುನೆನ್‌ನಲ್ಲಿ ಇಳಿದರೆ ಕೇಬಲ್ ಕಾರ್ ನಿಲ್ದಾಣ ಎದುರಿಗೇ. ಗ್ರೂಚ್‌ಆಲ್ಪ್‌ಗೆ ನಾಲ್ಕು ನಿಮಿಷ, ಅಲ್ಲಿ ಅದೇ ಕಟ್ಟಡದಲ್ಲಿ ರೈಲು ಬದಲಿಸಿ ಸುಮಾರು 14 ನಿಮಿಷ. ಎಡಗಡೆ ಕಿಟಕಿ ಹಿಡಿಯಿರಿ, ಶಿಖರಗಳೆಲ್ಲ ಆ ಬದಿಗೆ.

ಎರಡನೆಯ ದಾರಿ: ಲೌಟರ್‌ಬ್ರುನೆನ್‌ನಿಂದ 141ನೇ ನಂಬರ್ ಬಸ್ಸಿನಲ್ಲಿ ಸ್ಟೆಖೆಲ್‌ಬರ್ಗ್‌ನ ಶಿಲ್ಟ್‌ಹಾರ್ನ್‌ಬಾನ್ ನಿಲ್ದಾಣ, ಅಲ್ಲಿಂದ ನೇರ ಕೇಬಲ್ ಕಾರ್. 2024ರ ಡಿಸೆಂಬರ್‌ನಲ್ಲಿ ಶುರುವಾದ ಈ ಹೊಸ ಮಾರ್ಗ ಜಗತ್ತಿನಲ್ಲೇ ಅತಿ ಕಡಿದಾದ ಕೇಬಲ್ ಕಾರ್. ಇಳಿಜಾರು ಶೇ. 159.4, ಅಂದರೆ ನೂರು ಮೀಟರ್ ಮುಂದೆ ಹೋದರೆ ನೂರೈವತ್ತೊಂಬತ್ತು ಮೀಟರ್ ಮೇಲೆ. ಬಸ್ಸಿನಲ್ಲಿ ‘ಸ್ಟೆಖೆಲ್‌ಬರ್ಗ್’ ಎಂಬ ಹೆಸರಷ್ಟೇ ನೋಡಿ ಕೊನೆಯವರೆಗೆ ಕೂತರೆ ಊರು ಸೇರುತ್ತೀರಿ. ಕೇಬಲ್ ಕಾರ್ ನಿಲ್ದಾಣ ಅದಕ್ಕಿಂತ ಮುಂಚೆಯೇ ಬರುತ್ತದೆ.

ಎರಡರಲ್ಲಿ ಯಾವುದು ಎನ್ನುವುದನ್ನು ನಿಮ್ಮ ಅಪಾರ್ಟ್‌ಮೆಂಟೇ ತೀರ್ಮಾನಿಸುತ್ತದೆ. ರೈಲು ನಿಲ್ದಾಣ ಊರಿನ ಉತ್ತರದ ತುದಿ, ಕೇಬಲ್ ಕಾರ್ ನಿಲ್ದಾಣ ದಕ್ಷಿಣದ ತುದಿ, ನಡುವೆ ಕಾಲು ಗಂಟೆ ನಡಿಗೆ. ಬೀದಿಯೂ ಒಂದೇ ಮಟ್ಟದಲ್ಲಿಲ್ಲ: ಮೇಲೊಂದು, ಕೆಳಗೊಂದು, ಮಧ್ಯೆ ಏರು. ಆಟೋ, ಟ್ಯಾಕ್ಸಿ ಸಿಗುವುದಿಲ್ಲ. ಮಾಲೀಕರಿಗೆ ಬರೆದು ‘ಯಾವ ನಿಲ್ದಾಣ ಹತ್ತಿರ, ಮೆಟ್ಟಿಲು ಎಷ್ಟು’ ಎಂದು ಮೊದಲೇ ಕೇಳಿಕೊಳ್ಳಿ. ಇನ್ನೂ ಒಳ್ಳೆಯದು, ದೊಡ್ಡ ಪೆಟ್ಟಿಗೆಗಳನ್ನು ಇಂಟರ್‌ಲಾಕೆನ್ ನಿಲ್ದಾಣದ ಲಾಕರಿನಲ್ಲಿ ಬಿಟ್ಟು ಎರಡು ರಾತ್ರಿಗೆ ಬೇಕಾದಷ್ಟನ್ನೇ ಒಂದು ಚೀಲದಲ್ಲಿ ತನ್ನಿ.

ಟಿಕೆಟ್ ವಿಷಯ: ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಮ್ಯೂರೆನ್‌ವರೆಗೆ ಎರಡೂ ದಾರಿ ಉಚಿತ. ಮ್ಯೂರೆನ್‌ನಿಂದ ಶಿಲ್ಟ್‌ಹಾರ್ನ್‌ಗೆ ಅರ್ಧ ದರ. ಯುಂಗ್‌ಫ್ರೌಯೋಖ್‌ಗೆ ಅದೇ ಪಾಸ್ ವೆಂಗೆನ್ ಅಥವಾ ಗ್ರಿಂಡೆಲ್‌ವಾಲ್ಡ್‌ವರೆಗಷ್ಟೇ, ಮುಂದಕ್ಕೆ ಶೇ. 25 ಮಾತ್ರ ರಿಯಾಯಿತಿ. ದುಡ್ಡಿನ ವ್ಯತ್ಯಾಸ ಅಲ್ಲೇ ಬರುತ್ತದೆ.

ಹಿಮಪಾದ

ರೈಲಿನ ಕಥೆಗೆ ಚಳಿಗಾಲ ಸೇರಿಸದಿದ್ದರೆ ಅರ್ಧ. ಮೊದಲ ಇಪ್ಪತ್ತು ವರ್ಷ ಆ ರೈಲು ಬೇಸಿಗೆಯಲ್ಲಿ ಮಾತ್ರ ಓಡಿತು. ಹಿಮ ಬಿದ್ದರೆ ಊರಿಗೆ ಊರೇ ಬಾಗಿಲು ಹಾಕಿದ ಹಾಗೆ. ಹೆನ್ರಿ ಲನ್ ಎಂಬ ಇಂಗ್ಲಿಷ್ ಪ್ರವಾಸ ವ್ಯವಸ್ಥಾಪಕ ಬೆನ್ನುಬಿದ್ದು 1910–11ರ ಚಳಿಗಾಲದಲ್ಲಿ ರೈಲು ಓಡಿಸುವಂತೆ ಮಾಡಿದ. ಈ ಹೆನ್ರಿ ಲನ್ ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಮೆಥೊಡಿಸ್ಟ್ ಮಿಶನ್ನಿನ ವೈದ್ಯನಾಗಿದ್ದವನು. ಅವನ ಮಗ ಆರ್ನಲ್ಡ್ ಲನ್ ಹುಟ್ಟಿದ್ದು 1888ರಲ್ಲಿ ಮದರಾಸಿನಲ್ಲಿ.

ಆರ್ನಲ್ಡ್ ಲನ್ ಹೆಸರು ನೆನಪಿಡಿ. ಈಗ ಒಲಿಂಪಿಕ್ಸ್‌ನಲ್ಲಿ ಕಂಬಗಳ ನಡುವೆ ಹಾವಿನ ಹಾಗೆ ಹೊರಳುತ್ತಾ ಇಳಿಯುವ ಸ್ಲಾಲಮ್ ಸ್ಪರ್ಧೆ ನೋಡುತ್ತೇವಲ್ಲ, ಅದರ ಆಧುನಿಕ ರೂಪವನ್ನು ಅವನು ಮೊದಲು ನಡೆಸಿದ್ದು 1922ರ ಜನವರಿಯಲ್ಲಿ, ಮ್ಯೂರೆನ್‌ನಲ್ಲಿ. ಅದಕ್ಕೆ ಮುಂಚೆ ಇಂಥ ಸ್ಪರ್ಧೆಗಳಲ್ಲಿ ತಿರುವು ಎಷ್ಟು ಚೆಂದ ಎಂದು ನೋಡಿ ಅಂಕ ಕೊಡುತ್ತಿದ್ದರು. ಲನ್ ಜೋಡಿ ಬಾವುಟ ನೆಟ್ಟು, ನಡುವೆ ನುಸುಳಿ ಮೊದಲು ಕೆಳಗೆ ಬಂದವನೇ ಗೆದ್ದ ಎಂದ. ಅಂದಚೆಂದಕ್ಕೆ ಅಂಕವಿಲ್ಲ, ಗಡಿಯಾರವೇ ತೀರ್ಪು. ನಾರ್ವೆಯವರಿಗೆ ಇದು ಹಿಡಿಸಲಿಲ್ಲ, ಅವರ ಲೆಕ್ಕದಲ್ಲಿ ಸ್ಕೀ ಎಂದರೆ ದೂರದ ಓಟ ಮತ್ತು ಜಿಗಿತ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಒಪ್ಪಿದ್ದು 1930ರಲ್ಲಿ. ಮರುವರ್ಷವೇ ಮೊದಲ ಆಲ್ಪೈನ್ ವಿಶ್ವ ಚಾಂಪಿಯನ್‌ಷಿಪ್ ಮ್ಯೂರೆನ್‌ನಲ್ಲಿ ನಡೆಯಿತು. ಹೆಂಗಸರಿಗೂ ಸ್ಪರ್ಧೆ ಇತ್ತು. ಬ್ರಿಟನ್ನಿನ ಎಸ್ಮೆ ಮೆಕಿನನ್ ಡೌನ್‌ಹಿಲ್, ಸ್ಲಾಲಮ್ ಎರಡನ್ನೂ ಗೆದ್ದಳು. ಗಂಡಸರಲ್ಲಿ ಎರಡೂ ಸ್ವಿಸ್ಸರ ಪಾಲಾಯಿತು: ವಾಲ್ಟರ್ ಪ್ರಾಗರ್, ಡೇವಿಡ್ ತ್ಸೋಗ್.

ಊರಲ್ಲಿ ಅಲ್ಲಲ್ಲಿ ‘ಕಂದಹಾರ್’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ. 1924ರಲ್ಲಿ ಲನ್ ಮತ್ತು ಗೆಳೆಯರು ಇಲ್ಲಿ ಕಟ್ಟಿದ ಸ್ಕೀ ಕ್ಲಬ್ಬಿನ ಹೆಸರದು. 1911ರಲ್ಲಿ ಒಂದು ಇಳಿಜಾರು ಓಟಕ್ಕೆ ಟ್ರೋಫಿ ಕೊಟ್ಟ ಫೀಲ್ಡ್ ಮಾರ್ಷಲ್ ರಾಬರ್ಟ್ಸ್‌ನ ಬಿರುದು ‘ಲಾರ್ಡ್ ರಾಬರ್ಟ್ಸ್ ಆಫ್ ಕಂದಹಾರ್’. ಕಾನ್ಪುರದಲ್ಲಿ ಹುಟ್ಟಿ 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ದಂಡು ನಡೆಸಿದವನು. ಅಫ್ಘಾನ್ ಯುದ್ಧದ ಹೆಸರು ಹೀಗೆ ಸ್ವಿಸ್ ಹಳ್ಳಿಗೆ ಬಂದು ಕೂತಿದೆ.

ಅದೇ ಕ್ಲಬ್ಬಿನ 17 ಜನ 1928ರ ಜನವರಿಯಲ್ಲಿ ಶಿಲ್ಟ್‌ಹಾರ್ನ್ ತುದಿಗೆ ಕಾಲ್ನಡಿಗೆಯಲ್ಲಿ ಹತ್ತಿ, ಲೌಟರ್‌ಬ್ರುನೆನ್‌ವರೆಗೆ ಇಳಿಯುವ ‘ಇನ್ಫರ್ನೊ’ ಓಟ ಶುರುಮಾಡಿದರು. ಈಗಲೂ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಸುಮಾರು 1850 ಮಂದಿಗೆ ಅವಕಾಶ, ಪೂರ್ತಿ ದಾರಿ ಹೆಚ್ಚುಕಡಿಮೆ 15 ಕಿಲೋಮೀಟರ್. ಕೆಳಗೆ ಹಿಮ ಸಾಲದ ವರ್ಷಗಳಲ್ಲಿ ದಾರಿಯನ್ನು ಮೊಟಕು ಮಾಡುತ್ತಾರೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರವಾಸಿಗರಿಲ್ಲದೆ ಖಾಲಿ ಬಿದ್ದ ಇಲ್ಲಿನ ಹೋಟೆಲುಗಳಲ್ಲಿ ಗಾಯಗೊಂಡ ಬ್ರಿಟಿಷ್ ಯುದ್ಧಕೈದಿಗಳನ್ನು ಇರಿಸಿದ್ದರು. ಇಂಗ್ಲಿಷರ ಜೊತೆ ಊರಿನ ನಂಟು ಅಷ್ಟು ಹಳೆಯದು.

ಬಾಂಡ್ ವಿಷಯ ಎರಡೇ ಮಾತು. ಶಿಲ್ಟ್‌ಹಾರ್ನ್ ಕೇಬಲ್ ಕಾರ್ 1967ರಲ್ಲಿ ಪೂರ್ತಿಯಾಯಿತು, ತುದಿಯ ತಿರುಗುವ ಹೋಟೆಲು ಮುಗಿಸಲು ದುಡ್ಡು ಸಾಲದೆ ನಿಂತಿತ್ತು. ಬಾಂಡ್ ಚಿತ್ರದ ತಂಡ ಅಲ್ಲಿ ಚಿತ್ರೀಕರಣ ಮಾಡಲು ಬಿಟ್ಟದ್ದಕ್ಕೆ ಪ್ರತಿಯಾಗಿ ಒಳಾಂಗಣ, ಹೆಲಿಕಾಪ್ಟರ್ ಇಳಿದಾಣದ ಖರ್ಚು ವಹಿಸಿತು. 1969ರಲ್ಲಿ ಚಿತ್ರ ತೆರೆಗೆ ಬಂತು, ಅದರೊಳಗಿನ ಕಲ್ಪಿತ ಹೆಸರು ‘ಪಿಟ್ಸ್ ಗ್ಲೋರಿಯಾ’ ಹೋಟೆಲಿಗೆ ಶಾಶ್ವತವಾಗಿ ಅಂಟಿತು. ಅದರ ಪ್ರದರ್ಶನ ಮೇಲಿದೆ. ಆಸಕ್ತಿ ಇಲ್ಲದಿದ್ದರೆ ಹತ್ತು ನಿಮಿಷ ಸಾಕು.

ಹಾದಿಹೋಕ

ಮದರಾಸಿನ ನಂಟು ಗೊತ್ತೇ ಇರಲಿಲ್ಲ, ಅಪ್ಪನಿಗೆ ಓದಿ ಹೇಳಿದೆ. ಧನ್ಯವಾದ ಎಲ್ಲರಿಗೂ. ಶಿಲ್ಟ್‌ಹಾರ್ನ್ ಬೆಳಿಗ್ಗೆ ಹೋಗಬೇಕೋ ಸಂಜೆಯೋ? ಮಂಡಿನೋವಿನವರು ನಡೆಯಬಹುದಾದ ದಾರಿ ಯಾವುದು? ಮಳೆ ಹಿಡಿದರೆ ಏನು ಮಾಡುವುದು?

ಕಾಲುದಾರಿ

ಶಿಲ್ಟ್‌ಹಾರ್ನ್ ಬೆಳಿಗ್ಗೆಯೇ. ಬೇಸಿಗೆಯಲ್ಲಿ ಬಿಸಿಲೇರಿದಂತೆ ಕಣಿವೆಯ ತೇವ ಮೇಲೆದ್ದು ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ, ನಾಲ್ಕು ಗಂಟೆಗೆ ಗುಡುಗು ಕೇಳಿದರೂ ಆಶ್ಚರ್ಯವಿಲ್ಲ. ಆದರೆ ಫೋಟೊ ವಿಚಾರಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಮೂರು ಶಿಖರಗಳು ಮ್ಯೂರೆನ್‌ಗೆ ಪೂರ್ವಕ್ಕಿವೆ, ಬೆಳಿಗ್ಗೆ ಸೂರ್ಯ ಅವುಗಳ ಹಿಂದೆ. ಚಿತ್ರದಲ್ಲಿ ಕಪ್ಪು ಆಕಾರ, ಬಿಳಿಚಿದ ಆಕಾಶ ಮಾತ್ರ ಬರುತ್ತದೆ. ಬೆಳಕು ಬಂಡೆಯ ಮುಖಕ್ಕೆ ಬೀಳುವುದು ಮಧ್ಯಾಹ್ನದ ಮೇಲೆ, ಕೆಂಪೇರುವುದು ಸೂರ್ಯ ಮುಳುಗುವ ಹೊತ್ತಿಗೆ. ಜೂನ್‌ನಲ್ಲಿ ಅದು ರಾತ್ರಿ ಒಂಬತ್ತು ದಾಟಿದ ಮೇಲೆ. ಊರಲ್ಲಿ ರಾತ್ರಿ ಉಳಿಯುವುದರ ಲಾಭ ಇಷ್ಟೇ, ಇದೇ ದೊಡ್ಡದು: ಬಂದು ಹೋಗುವವರು ಐದಕ್ಕೆ ಇಳಿದಿರುತ್ತಾರೆ. ಹೊಸ ಕೇಬಲ್ ಕಾರ್ ಬಂದ ಮೇಲಂತೂ ಹೆಚ್ಚಿನವರಿಗೆ ಮ್ಯೂರೆನ್ ಎಂದರೆ ಡಬ್ಬಿ ಬದಲಿಸುವ ಜಾಗವಾಗಿದೆ.

ಯುಂಗ್‌ಫ್ರೌಯೋಖ್ ಅಥವಾ ಶಿಲ್ಟ್‌ಹಾರ್ನ್ ಎಂದರೆ, ನಿಮ್ಮ ತಂಡಕ್ಕೆ ಶಿಲ್ಟ್‌ಹಾರ್ನ್. ಅದು 2970 ಮೀಟರ್, ಇನ್ನೊಂದು 3454. ಐನೂರು ಮೀಟರ್ ವ್ಯತ್ಯಾಸ ಬಿಪಿ ಇರುವವರಿಗೆ ಉಸಿರಿನಲ್ಲೇ ಗೊತ್ತಾಗುತ್ತದೆ. ಅಪ್ಪನ ವೈದ್ಯರನ್ನು ಊರಲ್ಲೇ ಕೇಳಿಕೊಂಡು ಬನ್ನಿ, ಮಾತ್ರೆ ಕೈಚೀಲದಲ್ಲಿರಲಿ. ಎರಡನೆಯ ಕಾರಣ ನೋಟ. ಯುಂಗ್‌ಫ್ರೌಯೋಖ್‌ನಲ್ಲಿ ನೀವು ಆ ಪರ್ವತಗಳ ಒಳಗೇ ನಿಂತು ಆಚೆಯ ಆಲೆಚ್ ಹಿಮನದಿ ನೋಡುತ್ತೀರಿ. ಶಿಲ್ಟ್‌ಹಾರ್ನ್‌ನಲ್ಲಿ ಮೂರೂ ಶಿಖರ ಸಾಲಾಗಿ ಎದುರು ನಿಂತಿರುತ್ತವೆ. ಹಿಮನದಿ ನೋಡಲೇಬೇಕು ಅನ್ನುವವರಿಗೆ ಮಾತ್ರ ಮೊದಲನೆಯದು.

ಎರಡಕ್ಕೂ ಒಂದೇ ನಿಯಮ: ನೇರಪ್ರಸಾರದ ಕ್ಯಾಮೆರಾ ನೋಡದೆ ಟಿಕೆಟ್ ಕೊಳ್ಳಬೇಡಿ. ಮ್ಯೂರೆನ್‌ನಲ್ಲಿ ಮಂಜು ಮುಸುಕಿದ್ದರೂ ಮೇಲೆ ಬಿಸಿಲಿರಬಹುದು, ಕೆಳಗೆ ಬಿಸಿಲಿದ್ದರೂ ತುದಿ ಮೋಡದೊಳಗಿರಬಹುದು. ನೂರು ಮೀಟರಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪಾಗುತ್ತದೆ, ಹಾಗಾಗಿ ಊರಲ್ಲಿ 14 ಇದ್ದರೆ ತುದಿಯಲ್ಲಿ ಐದಾರು ಡಿಗ್ರಿ, ಗಾಳಿ ಬೇರೆ. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು. ದಕ್ಷಿಣದಿಂದ ಬೀಸುವ ಫ್ಯೋನ್ ಎಂಬ ಬಿಸಿಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಆಕಾಶ ತೊಳೆದಷ್ಟು ಸ್ವಚ್ಛವಾಗಿರುವ ದಿನವೇ ಇದು ಆಗುವುದರಿಂದ ಜನಕ್ಕೆ ಅರ್ಥವಾಗುವುದಿಲ್ಲ.

ಶಿಲ್ಟ್‌ಹಾರ್ನ್ ದಾರಿಯ ಮಧ್ಯದ ಬಿರ್ಗ್ ನಿಲ್ದಾಣದಲ್ಲಿ (2677 ಮೀ.) ಬಂಡೆಗೆ ಅಂಟಿಸಿದ ಕಬ್ಬಿಣದ ಜಾಲರಿಯ ನಡಿಗೆದಾರಿ ಇದೆ, 200 ಮೀಟರ್. ಕೆಳಗೆ ನೋಡಿದರೆ ತಲೆ ತಿರುಗುವವರು ಅಲ್ಲಿಯ ಕಟ್ಟೆಯ ಮೇಲೆ ಕೂತರೂ ನೋಟಕ್ಕೆ ಮೋಸವಿಲ್ಲ.

ನಡೆಯುವ ದಾರಿ. ಅಮ್ಮನಿಗೆ ಹೇಳಿಮಾಡಿಸಿದಂಥದ್ದು ಗ್ರೂಚ್‌ಆಲ್ಪ್–ವಿಂಟರೆಗ್–ಮ್ಯೂರೆನ್. ರೈಲು ಹಳಿಯ ಪಕ್ಕದಲ್ಲೇ, ಮಗುವಿನ ಗಾಡಿ ತಳ್ಳಬಹುದಾದಷ್ಟು ಅಗಲ, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಎರಡು ಕೊನೆಗಳ ನಡುವೆ ಏರು 150 ಮೀಟರ್ ಮಾತ್ರ. ಸಾಕಾಯಿತೆಂದರೆ ಮಧ್ಯದ ವಿಂಟರೆಗ್‌ನಲ್ಲಿ ರೈಲು ಹತ್ತಿದರಾಯಿತು. ಮ್ಯೂರೆನ್‌ನಿಂದ ಗ್ರೂಚ್‌ಆಲ್ಪ್ ಕಡೆಗೆ ನಡೆದರೆ ಅದೂ ಇಳಿಜಾರೇ. ಆದರೆ ಇಷ್ಟು ಮೆಲ್ಲನೆಯ ಇಳಿತ ಮಂಡಿಗೆ ನೋಯಿಸದು.

ಗಿಮ್ಮೆಲ್‌ವಾಲ್ಡ್‌ಗೆ ಇಳಿದು ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಮುಕ್ಕಾಲು ಗಂಟೆಯ ದಾರಿ, ಗಟ್ಟಿ ನೆಲ, ನೋಡಲು ಸುಲಭ. ಆದರೆ 270 ಮೀಟರ್ ಒಂದೇ ಸಮನೆ ಇಳಿತ, ಮಂಡಿ ಹಿಡಿಯುವುದೇ ಇಂಥ ಕಡೆ. ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಭಾರ. ಕೋಲು ಇಲ್ಲದೆ ಬೇಡ. ಗಿಮ್ಮೆಲ್‌ವಾಲ್ಡ್ ಮಾತ್ರ ತಪ್ಪಿಸಬಾರದ ಊರು: ಬಿಸಿಲಿಗೆ ಕಪ್ಪಾದ ಮರದ ಮನೆಗಳು, ನೂರರ ಆಸುಪಾಸಿನ ಜನ, ಈಗಲೂ ಹಸು ಸಾಕಿ ಹುಲ್ಲು ಕೊಯ್ಯುವ ಬದುಕು. ಬಾಗಿಲಲ್ಲಿ ಗಿಣ್ಣು (ಚೀಸ್) ಇಟ್ಟು ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ, ಚಿಲ್ಲರೆ ಇರಲಿ. ಅಷ್ಟು ಕಡಿದಾದ ಗದ್ದೆಯಲ್ಲಿ ಇನ್ನೂ ಯಾಕೆ ಕೊಯ್ಯುತ್ತಾರೆ ಎಂದರೆ, ಸ್ವಿಸ್ ಸರ್ಕಾರ ಇಳಿಜಾರು ಹೆಚ್ಚಿದಷ್ಟೂ ಹೆಚ್ಚು ಸಹಾಯಧನ ಕೊಡುತ್ತದೆ. ಕೊಯ್ಯದೆ ಬಿಟ್ಟರೆ ಕೆಲವೇ ವರ್ಷಕ್ಕೆ ಪೊದೆ ಬೆಳೆದು ಹುಲ್ಲುಗಾವಲೇ ಇರುವುದಿಲ್ಲ.

ಊರ ಹಿಂದಿನ ಗುಡ್ಡ ಆಲ್‌ಮೆಂಡ್‌ಹೂಬೆಲ್, ಸುಮಾರು 1900 ಮೀಟರ್. 1912ರ ಹಗ್ಗದ ರೈಲು ನಾಲ್ಕು ನಿಮಿಷಕ್ಕೆ ಒಯ್ಯುತ್ತದೆ. ಮೇಲೆ ಹೂವಿನ ಹಾದಿ, ಮಕ್ಕಳ ಆಟದ ಜಾಗ. ಬೇಸಿಗೆಯ ಓಡಾಟ ಜೂನ್‌ನಲ್ಲಿ ಯಾವ ದಿನ ಶುರು ಎನ್ನುವುದನ್ನು ಹೊರಡುವ ಮುಂಚೆ ಖಚಿತ ಮಾಡಿಕೊಳ್ಳಿ. ಅಲ್ಲಿಂದ ಗ್ರೂಚ್‌ಆಲ್ಪ್‌ಗೆ ಇಳಿಯುವ ‘ಮೌಂಟನ್ ವ್ಯೂ’ ದಾರಿ ಎರಡು ಗಂಟೆ. ನೀವು ಮತ್ತು ಅಪ್ಪ ಹೋಗಿ, ಅಮ್ಮ ರೈಲಿನಲ್ಲಿ ಬಂದು ಗ್ರೂಚ್‌ಆಲ್ಪ್‌ನಲ್ಲಿ ಸೇರಲಿ.

ದಾರಿಗುರುತು ಓದುವುದು ಕಲಿತುಕೊಳ್ಳಿ. ಬರೀ ಹಳದಿ ಫಲಕ ಸಾಧಾರಣ ನಡಿಗೆ. ಬಿಳಿ–ಕೆಂಪು–ಬಿಳಿ ಪಟ್ಟಿ ಬೆಟ್ಟದ ದಾರಿ, ಕಲ್ಲು ಬೇರು ಇರುತ್ತದೆ, ಗಟ್ಟಿ ಅಟ್ಟೆಯ ಬೂಟು ಬೇಕು. ಬಿಳಿ–ನೀಲಿ–ಬಿಳಿ ಕಂಡರೆ ಹಿಂದೆ ತಿರುಗಿ, ಅದು ಹಗ್ಗ ಹಿಡಿಯುವವರಿಗೆ. ಫಲಕದ ಮೇಲಿನ ಸಮಯದಲ್ಲಿ ವಿರಾಮ ಸೇರಿಲ್ಲ, ಅವರ ನಡಿಗೆಯೂ ಬಿರುಸು. ಅರ್ಧದಷ್ಟು ಸೇರಿಸಿ ಲೆಕ್ಕ ಹಾಕಿ. ಹಸುಗಳ ಹಿಂಡಿನ ನಡುವೆ ಕರು ಇದ್ದರೆ ಸುತ್ತುಹಾಕಿ. ನಮ್ಮ ಕಡೆಯ ಹಾಗೆ ಮೈದಡವಲು ಹೋಗಬಾರದು, ತಾಯಿ ಹಸು ನುಗ್ಗಿಬರುತ್ತದೆ. ಬೇಲಿಯ ತಂತಿಯಲ್ಲಿ ವಿದ್ಯುತ್ ಇರುತ್ತದೆ, ಪ್ಲಾಸ್ಟಿಕ್ ಹಿಡಿಯಿರುವ ಗೇಟು ತೆಗೆದು, ದಾಟಿದ ಮೇಲೆ ಮತ್ತೆ ಹಾಕಿ.

ಮಳೆಗೆ ಉತ್ತರ ಟ್ರೂಮೆಲ್‌ಬಾಖ್ ಜಲಪಾತ. ಐಗರ್, ಮೋಂಖ್, ಯುಂಗ್‌ಫ್ರೌಗಳ ಹಿಮನದಿಗಳ ನೀರೆಲ್ಲ ಬೆಟ್ಟದ ಹೊಟ್ಟೆಯೊಳಗೇ ಹತ್ತು ಹಂತಗಳಲ್ಲಿ ಧುಮುಕುತ್ತದೆ. ಹಿಮ ಕರಗುವ ಕಾಲದಲ್ಲಿ ಸೆಕೆಂಡಿಗೆ 20,000 ಲೀಟರ್‌ವರೆಗೆ. ಒಳಗೇ ಇರುವುದರಿಂದ ಹೊರಗೆ ಸುರಿದರೂ ವ್ಯತ್ಯಾಸವಿಲ್ಲ. ಜೂನ್ ಅದಕ್ಕೆ ಒಳ್ಳೆಯ ತಿಂಗಳು. ಸ್ಟೆಖೆಲ್‌ಬರ್ಗ್ ಬಸ್ಸಿನ ದಾರಿಯಲ್ಲೇ ನಿಲ್ದಾಣ. ಸುರಂಗದೊಳಗಿನ ಲಿಫ್ಟ್ ಅರ್ಧ ಎತ್ತರಕ್ಕೆ ಒಯ್ಯುತ್ತದೆ, ಆಮೇಲಿನದು ಒದ್ದೆ ಮೆಟ್ಟಿಲು. ಅಮ್ಮ ಲಿಫ್ಟ್ ಇಳಿದ ಹತ್ತಿರದ ಹಂತಗಳನ್ನು ನೋಡಿ ಅದರಲ್ಲೇ ವಾಪಸ್ ಬರಬಹುದು. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಲೌಟರ್‌ಬ್ರುನೆನ್ ಊರಿನ ಬೆನ್ನಿಗೇ ಬೀಳುವ 297 ಮೀಟರಿನ ಸ್ಟೌಬ್‌ಬಾಖ್ ಜಲಪಾತ ರೈಲು ನಿಲ್ದಾಣದಿಂದಲೇ ಕಾಣುತ್ತದೆ.

ಒಗ್ಗರಣೆಡಬ್ಬಿ

ಊಟದ ಬಗ್ಗೆ ಯಾರೂ ಬರೆಯಲಿಲ್ಲ.

ಮೊದಲು ಸುಂಕದವರ ವಿಷಯ. ಭಾರತದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಂದರೆ ತುಪ್ಪದ ಬಾಟಲಿ, ಪೇಡ, ತುಪ್ಪದ ಮೈಸೂರು ಪಾಕ್ ಎಲ್ಲ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಹಸಿಮೆಣಸಿನಕಾಯಿಗೂ ಸಸ್ಯ ಆರೋಗ್ಯ ಪತ್ರ ಕೇಳುತ್ತಾರೆ, ತರಬೇಡಿ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಒಣಗಿಸಿದ ಕರಿಬೇವು, ಅವಲಕ್ಕಿ, ಎಣ್ಣೆಯಲ್ಲಿ ಹುರಿದ ರವೆಗೆ ತೊಂದರೆಯಿಲ್ಲ. ಬೆಣ್ಣೆ ಅಲ್ಲೇ ಒಳ್ಳೆಯದು ಸಿಗುತ್ತದೆ, ಉಪ್ಪಿಲ್ಲದ್ದು ಕೊಂಡು ಕಾಯಿಸಿಕೊಳ್ಳಿ.

1640 ಮೀಟರಿನಲ್ಲಿ ನೀರು ಕುದಿಯುವುದು ಸುಮಾರು 94–95 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ಅನ್ನ ಆಗುತ್ತದೆ, ಹೊತ್ತು ಹೆಚ್ಚು, ನೀರೂ ಒಂದು ಹಿಡಿ ಹೆಚ್ಚು. ತೊಗರಿಬೇಳೆ ನುಣ್ಣಗಾಗಲು ಮಾತ್ರ ಬಹಳ ಹೊತ್ತು ಹಿಡಿಯುತ್ತದೆ. ಎರಡು ಗಂಟೆ ನೆನೆಸಿ, ಇಲ್ಲವೇ ಹೆಸರುಬೇಳೆ ಒಯ್ಯಿರಿ. ಕುಕ್ಕರ್ ಒಯ್ಯುವುದಾದರೆ ಎರಡು ಲೀಟರಿನ ಸ್ಟೀಲಿನದು. ಅಲ್ಲಿಯ ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಪಾತ್ರೆ ಬಿಸಿಯೇ ಆಗದು. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಸರಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದು, ಬಾಗಿಲು ಮುಚ್ಚಿ, ಹೊಗೆಯ ಫ್ಯಾನು ಹಾಕಿ. ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕೂಗಿಬಿಡಬಹುದು.

ಊರಲ್ಲಿ ಕೋಪ್ ಅಂಗಡಿ ಇದೆ, ಚಿಕ್ಕದು. ಸಂಜೆ ಬೇಗ ಮುಚ್ಚುತ್ತದೆ, ಭಾನುವಾರ ಇನ್ನೂ ಕಡಿಮೆ ಹೊತ್ತು. ಅಕ್ಕಿ, ಬೇಳೆ, ತರಕಾರಿ ಇಂಟರ್‌ಲಾಕೆನ್‌ನಲ್ಲೇ ಕೊಂಡುಬನ್ನಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿಗೆ ದುಡ್ಡು ಹಾಕಬೇಡಿ. ಕಸಕ್ಕೆ ಶುಲ್ಕ ಕಟ್ಟಿದ ಚೀಲವೇ ಬೇಕು, ಮಾಲೀಕರು ಕೊಡುತ್ತಾರಾ ಕೇಳಿ.

ಹೋಟೆಲಿನಲ್ಲಿ ‘ವೆಜಿಟೇರಿಯನ್’ ಎಂದು ಬರೆದಿದ್ದಷ್ಟೇ ನಂಬಿ ಕೂರಬೇಡಿ. ಆಲೂಗಡ್ಡೆ ತುರಿದು ಹುರಿಯುವ ರೋಸ್ಟಿಯಲ್ಲಿ ಹಂದಿಯ ಸ್ಪೆಕ್ ಇರಬಹುದು, ‘ಓನೆ ಸ್ಪೆಕ್’ ಎನ್ನಿ. ತರಕಾರಿ ಸೂಪಿಗೂ ದನದ ಎಲುಬಿನ ರಸ ಬಳಸುವುದುಂಟು, ‘ಓನೆ ಫ್ಲೈಶ್‌ಬುಯೋನ್’ ಎಂದು ಕೇಳಿ. ಆಲ್ಪ್ಲರ್‌ಮಾಗ್ರೋನೆನ್ ಎಂಬ ಮ್ಯಾಕರೋನಿ–ಆಲೂಗಡ್ಡೆ–ಗಿಣ್ಣಿನ ತಿನಿಸಿಗೆ ಸೇಬಿನ ಗೊಜ್ಜು ಜೊತೆ, ನಮ್ಮ ನಾಲಿಗೆಗೆ ಒಗ್ಗುತ್ತದೆ. ಅದಕ್ಕೂ ಸ್ಪೆಕ್ ಬೇಡ ಎಂದು ಹೇಳಬೇಕು. ಕರಗಿಸಿದ ಗಿಣ್ಣಿನ ಫೊಂಡ್ಯುನಲ್ಲಿ ಬಿಳಿ ವೈನ್ ಇರುತ್ತದೆ, ಬಹಳ ಕಡೆ ಕಿರ್ಶ್ ಎಂಬ ಚೆರ್ರಿ ಮದ್ಯವೂ.

ಎಲ್ಲಕ್ಕಿಂತ ಮುಖ್ಯ, ಗ್ರೂಯೇರ್, ಎಮೆಂಟಾಲರ್‌ನಂಥ ಸಾಂಪ್ರದಾಯಿಕ ಗಿಣ್ಣುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಮ್ಮ ಅಪ್ಪ ಅದನ್ನು ಒಪ್ಪದಿದ್ದರೆ ಫೊಂಡ್ಯು, ಅದರಂತೆಯೇ ಗಿಣ್ಣು ಕರಗಿಸಿ ತಿನ್ನುವ ರಾಕ್ಲೆಟ್ ಎರಡೂ ಇಲ್ಲ. ಅಂಗಡಿಯಲ್ಲಿ ಪೊಟ್ಟಣದ ಮೇಲೆ ಸಸ್ಯಾಹಾರಿ ಗುರುತಿರುವ ಗಿಣ್ಣು ಹುಡುಕಿ.

ಹಳಿಮೇಲೆ

ಒಂದು ಬಿಟ್ಟುಹೋಗಿತ್ತು. ನಿಮ್ಮದು ಜೂನ್, ಹಾಗಾಗಿ ಸರಿ. ಬೇರೆ ಯಾರಾದರೂ ಈ ಚರ್ಚೆ ನೋಡಿ ಏಪ್ರಿಲ್ ಕೊನೆ ಅಥವಾ ನವೆಂಬರ್‌ಗೆ ಬುಕ್ ಮಾಡುವುದಾದರೆ, ಆ ಸಮಯದಲ್ಲಿ ಕೇಬಲ್ ಕಾರ್‌ಗಳನ್ನು ತಪಾಸಣೆಗೆ ನಿಲ್ಲಿಸುತ್ತಾರೆ, ಹೋಟೆಲುಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಶಿಲ್ಟ್‌ಹಾರ್ನ್‌ಬಾನ್ ಮತ್ತು ಯುಂಗ್‌ಫ್ರೌ ರೈಲ್ವೆಯವರ ಜಾಲತಾಣಗಳಲ್ಲಿ ‘ರೆವಿಷನ್’ ದಿನಾಂಕ ನೋಡಿಕೊಂಡೇ ದುಡ್ಡು ಕಟ್ಟಿ.